ಹುಡುಕಿ ಬರೆದ ಸೊನ್ನೆ

ಶಾಲೆಯ ಹಾಜರಿ ಪುಸ್ತಕದಲ್ಲಿ 'ಗೈರುಹಾಜರಿ: 0' ಎಂದು ಬರೆದಿದ್ದರೆ ಅದಕ್ಕೆ ಎರಡು ಅರ್ಥ ಇರಬಹುದು. ಮೇಷ್ಟ್ರು ಒಂದೊಂದೇ ಹೆಸರು ಕೂಗಿ, ತಲೆಯೆತ್ತಿ ಮುಖ ನೋಡಿ, ಎಲ್ಲರೂ ಬಂದಿದ್ದಾರೆಂದು ಖಾತ್ರಿ ಮಾಡಿಕೊಂಡು ಬರೆದ ಸೊನ್ನೆ ಒಂದು. ಹೆಸರನ್ನೇ ಕೂಗದೆ ಗಂಟೆ ಹೊಡೆಯುವ ಹೊತ್ತಿಗೆ ಸುತ್ತಿಬಿಟ್ಟ ಸೊನ್ನೆ ಇನ್ನೊಂದು. ಪುಸ್ತಕದಲ್ಲಿ ಎರಡೂ ಒಂದೇ ಆಕಾರ, ಒಂದೇ ಗಾತ್ರ. ಆದರೆ ಮೊದಲನೆಯದು ಮಾಹಿತಿ, ಎರಡನೆಯದು ಬರೀ ಮಸಿ.

ಪೋಲಿಯೊ ನಿರ್ಮೂಲನದ ಕಥೆಯಲ್ಲಿ ಬಹಳ ಜನರಿಗೆ ಗೊತ್ತಿರುವುದು ಎರಡು ಹನಿ ಲಸಿಕೆ ಮತ್ತು ಎಳೆಯ ಬೆರಳಿನ ಮೇಲಿನ ಕಪ್ಪು ಗುರುತು. ಅದು ಅರ್ಧ ಕಥೆ. ಉಳಿದರ್ಧ ಈ ಸೊನ್ನೆಯದು. ನಮ್ಮ ದೇಶದ ಕೊನೆಯ ವನ್ಯ ಪೋಲಿಯೊ ಪ್ರಕರಣ ಕಂಡುಬಂದದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಂದು ಹೆಣ್ಣು ಮಗುವಿನಲ್ಲಿ. ಆ ಬಳಿಕ ಮೂರು ವರ್ಷ ಕಾದು, 2014ರ ಮಾರ್ಚ್ 27ರಂದು ಭಾರತವೂ ಸೇರಿದಂತೆ ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ವಲಯದ 11 ದೇಶಗಳನ್ನು ಪೋಲಿಯೊಮುಕ್ತವೆಂದು ಘೋಷಿಸಲಾಯಿತು. ಇಲ್ಲಿ ಒಂದು ಸರಳ ಪ್ರಶ್ನೆ ಏಳುತ್ತದೆ. ಇಷ್ಟು ಕೋಟಿ ಮಕ್ಕಳಿರುವ ದೇಶದಲ್ಲಿ, ಬರಿಗಣ್ಣಿಗೆ ಕಾಣದ ಒಂದು ವೈರಸ್ 'ಇಲ್ಲ' ಎಂದು ಹೇಳುವುದು ಹೇಗೆ? ಇರುವುದನ್ನು ತೋರಿಸಬಹುದು. ಇಲ್ಲದ್ದನ್ನು ತೋರಿಸುವುದು ಹೇಗೆ?

ಬೂದಿ ಮುಚ್ಚಿದ ಕೆಂಡ

ಸಿಡುಬಿನ ವಿಷಯದಲ್ಲಿ ಈ ತೊಡಕು ಇರಲಿಲ್ಲ. ಸಿಡುಬು ಬಂದವರ ಮೈತುಂಬ ಗುಳ್ಳೆಗಳು ಏಳುತ್ತಿದ್ದವು. ಗುಣವಾದ ಮೇಲೂ ಮುಖದ ಮೇಲೆ ಕಲೆ ಉಳಿಯುತ್ತಿತ್ತು. ಆರೋಗ್ಯ ಕಾರ್ಯಕರ್ತರು ಸಿಡುಬಿನ ಚಿತ್ರವಿರುವ ಕಾರ್ಡು ಹಿಡಿದು ಸಂತೆಗೆ, ಶಾಲೆಗೆ ಹೋಗಿ 'ಇಂಥವರನ್ನು ನೋಡಿದ್ದೀರಾ?' ಎಂದು ಕೇಳಿದರೆ ಮಕ್ಕಳೂ ಉತ್ತರ ಹೇಳುತ್ತಿದ್ದರು. 1977ರಲ್ಲಿ ಸೊಮಾಲಿಯಾದಲ್ಲಿ ಕಂಡ ಪ್ರಕರಣವೇ ಸ್ವಾಭಾವಿಕವಾಗಿ ಹರಡಿದ ಸಿಡುಬಿನಲ್ಲಿ ಕೊನೆಯದು.

ಪೋಲಿಯೊ ಹಾಗಲ್ಲ. ಅದು ಬೂದಿ ಮುಚ್ಚಿದ ಕೆಂಡ. ವೈರಸ್ ಬಾಯಿಯ ಮೂಲಕ ಒಳಸೇರಿ ಕರುಳಿನಲ್ಲಿ ಬೆಳೆಯುತ್ತದೆ, ಮಲದ ಮೂಲಕ ವಾರಗಟ್ಟಲೆ ಹೊರಬರುತ್ತದೆ. ಸೋಂಕು ತಗುಲಿದ ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಸ್ವಲ್ಪ ಜ್ವರ, ಗಂಟಲು ನೋವು, ವಾಂತಿ ಬಂದು ಹೋಗುತ್ತದೆ. ಸರಿಸುಮಾರು 200 ಸೋಂಕುಗಳಲ್ಲಿ ಒಂದರಲ್ಲಿ ಮಾತ್ರ ವೈರಸ್ ಬೆನ್ನುಹುರಿಯ ನರಕೋಶಗಳಿಗೆ ನುಗ್ಗಿ ಕೈಯನ್ನೋ ಕಾಲನ್ನೋ ಶಾಶ್ವತವಾಗಿ ನಿಷ್ಕ್ರಿಯಗೊಳಿಸುತ್ತದೆ. ಅಂದರೆ ಒಂದು ಮಗುವಿನ ಕಾಲು ಸೋತಿದೆಯೆಂದರೆ ಅದರ ಸುತ್ತಮುತ್ತ ಇನ್ನೂರರಷ್ಟು ಮಕ್ಕಳು ಸೋಂಕು ಹೊತ್ತು ಓಡಾಡಿದ್ದಾರೆ ಎಂದೇ ಲೆಕ್ಕ. ಆ ಒಂದು ಮಗುವನ್ನು ಗಮನಿಸದೆ ಬಿಟ್ಟರೆ ಇಡೀ ಕೆಂಡವೇ ಕಣ್ಣಿಗೆ ಬೀಳುವುದಿಲ್ಲ.

ಹೀಗೆ ಕಣ್ಣಿಗೆ ಬೀಳದೆ ಹೋದದ್ದು ಸ್ವಲ್ಪವೇನಲ್ಲ. ಬಿಸಿಲು ನಾಡುಗಳ ಮಕ್ಕಳಿಗೆ ಪೋಲಿಯೊ ಅಷ್ಟಾಗಿ ಬಾಧಿಸುವುದಿಲ್ಲ ಎಂದು ಒಂದು ಕಾಲದಲ್ಲಿ ವೈದ್ಯಲೋಕವೇ ನಂಬಿತ್ತು. 1970ರ ದಶಕದಲ್ಲಿ ಆಫ್ರಿಕದ ಘಾನಾದಲ್ಲಿ ಶಾಲೆಗಳಿಗೆ ಹೋಗಿ ಕಾಲು ಎಳೆದು ನಡೆಯುವ ಮಕ್ಕಳನ್ನು ಎಣಿಸಿದರು. ಲಸಿಕೆ ಬರುವುದಕ್ಕೆ ಮುಂಚೆ ಶ್ರೀಮಂತ ದೇಶಗಳಲ್ಲಿ ಇದ್ದಷ್ಟೇ ಪೋಲಿಯೊ ಅಲ್ಲಿಯೂ ಇದೆಯೆಂದು ಆ ಎಣಿಕೆ ತೋರಿಸಿತು. ರೋಗ ಮೊದಲಿನಿಂದಲೂ ಇತ್ತು, ಎಣಿಸಿದವರು ಇರಲಿಲ್ಲ. 1988ರಲ್ಲಿ ವಿಶ್ವ ಆರೋಗ್ಯ ಸಭೆ ಪೋಲಿಯೊ ನಿರ್ಮೂಲನದ ನಿರ್ಣಯ ಮಾಡಿದಾಗ ಜಗತ್ತಿನಲ್ಲಿ ವರ್ಷಕ್ಕೆ ಮೂರೂವರೆ ಲಕ್ಷ ಮಕ್ಕಳು ಪೋಲಿಯೊದಿಂದ ಅಂಗವಿಕಲರಾಗುತ್ತಿದ್ದರೆಂದು ಅಂದಾಜು. ಆ ವರ್ಷ ಕಾಗದದ ಮೇಲೆ ವರದಿಯಾದದ್ದು ಸುಮಾರು 35 ಸಾವಿರ. ಹತ್ತರಲ್ಲಿ ಒಂಬತ್ತು ಮಕ್ಕಳು ಯಾವ ಲೆಕ್ಕಕ್ಕೂ ಸಿಗಲಿಲ್ಲ.

ಪೋಲಿಯೊ ಅಲ್ಲದ್ದನ್ನೂ ಹಿಡಿಯುವ ಬಲೆ

ಪೋಲಿಯೊ ಹುಡುಕಬೇಕಾದರೆ ಪೋಲಿಯೊ ಒಂದನ್ನೇ ಹುಡುಕಬಾರದು. ಇದು ವಿಚಿತ್ರವೆನಿಸಿದರೂ ಈ ಇಡೀ ವ್ಯವಸ್ಥೆಯ ಜೀವಾಳ. 'ಪೋಲಿಯೊ ಕಂಡರೆ ತಿಳಿಸಿ' ಎಂದು ವೈದ್ಯರಿಗೆ ಹೇಳಿದರೆ ಏನಾಗುತ್ತದೆ? ಒಬ್ಬರಿಗೆ ಅದು ಪೋಲಿಯೊ ಎನಿಸುತ್ತದೆ, ಇನ್ನೊಬ್ಬರಿಗೆ ನರದ ತೊಂದರೆ ಎನಿಸುತ್ತದೆ, ಮತ್ತೊಬ್ಬರಿಗೆ 'ಸುಮ್ಮನೆ ತಲೆನೋವು ಯಾಕೆ' ಎನಿಸುತ್ತದೆ. ಆದ್ದರಿಂದ ರೋಗದ ಹೆಸರನ್ನು ಬಿಟ್ಟು ಲಕ್ಷಣವನ್ನು ಹಿಡಿದರು. ಹದಿನೈದು ವರ್ಷದೊಳಗಿನ ಯಾವುದೇ ಮಗುವಿನ ಕೈ ಅಥವಾ ಕಾಲು ಇದ್ದಕ್ಕಿದ್ದಂತೆ ಬಲಗುಂದಿ ಜೋಲುಬಿದ್ದರೆ, ಕಾರಣ ಏನೇ ಇರಲಿ, ತಿಳಿಸಲೇಬೇಕು. ವೈದ್ಯರು ಇದನ್ನು ಅಕ್ಯೂಟ್ ಫ್ಲಾಸಿಡ್ ಪ್ಯಾರಾಲಿಸಿಸ್, ಚುಟುಕಾಗಿ ಎ.ಎಫ್.ಪಿ. ಎನ್ನುತ್ತಾರೆ.

ಇಂಥ ನಿಶ್ಶಕ್ತಿಗೆ ಪೋಲಿಯೊ ಒಂದೇ ಕಾರಣವಲ್ಲ. ನರಗಳ ಹೊದಿಕೆಯ ಮೇಲೆ ದೇಹವೇ ದಾಳಿ ಮಾಡುವ ಗಿಲಿಯನ್ ಬಾರೆ ಸಿಂಡ್ರೋಮ್ ಇದೆ. ಬೆನ್ನುಹುರಿಯ ಉರಿಯೂತ ಇದೆ. ಪಿರ್ರೆಗೆ ಕೊಟ್ಟ ಚುಚ್ಚುಮದ್ದು ನರಕ್ಕೆ ತಗುಲಿ ಕಾಲು ಸೋಲುವುದಿದೆ. ಪೋಲಿಯೊ ಇರಲಿ ಬಿಡಲಿ, ಇವು ಎಲ್ಲ ಊರಿನಲ್ಲೂ ಅಷ್ಟಿಷ್ಟು ಇದ್ದೇ ಇರುತ್ತವೆ. ಹದಿನೈದು ವರ್ಷದೊಳಗಿನ ಒಂದು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಕನಿಷ್ಠ ಒಂದಾದರೂ ಪೋಲಿಯೊ ಅಲ್ಲದ ಎ.ಎಫ್.ಪಿ. ಪ್ರಕರಣ ಸಿಗಲೇಬೇಕು ಎಂಬುದು ಅಂತರರಾಷ್ಟ್ರೀಯ ಅಳತೆಗೋಲು. ಭಾರತ ತನಗೆ ತಾನೇ ಅದನ್ನು ಎರಡಕ್ಕೆ ಏರಿಸಿಕೊಂಡಿತು.

ಈ ಅಳತೆಗೋಲಿನ ಜಾಣತನ ನೋಡಿ. ಒಂದು ತಾಲ್ಲೂಕಿನಲ್ಲಿ ಈ ವಯಸ್ಸಿನ ಐವತ್ತು ಸಾವಿರ ಮಕ್ಕಳಿದ್ದಾರೆ ಎನ್ನೋಣ. ಅಲ್ಲಿಂದ ವರ್ಷಕ್ಕೆ ಒಂದಾದರೂ ವರದಿ ಬರಬೇಕು. ಮೂರು ವರ್ಷ ಒಂದೂ ಬರಲಿಲ್ಲವೆಂದರೆ 'ಶಹಬ್ಬಾಸ್, ತಾಲ್ಲೂಕು ಆರೋಗ್ಯವಾಗಿದೆ' ಎನ್ನುವಂತಿಲ್ಲ. ಅಲ್ಲಿ ಯಾರೂ ನೋಡುತ್ತಿಲ್ಲ ಎಂದು ಅನುಮಾನಪಡಬೇಕು. ಮೀನು ಹಿಡಿಯುವವನು ದೊಡ್ಡ ಮೀನು ಸಿಗಲಿಲ್ಲವೆಂದರೆ ನಂಬಬಹುದು. ಒಂದು ಸಣ್ಣ ಮೀನೂ ಸಿಗಲಿಲ್ಲವೆಂದರೆ ಬಲೆ ಹರಿದಿದೆಯೇ ಎಂದು ನೋಡಬೇಕು.

ಹದಿನಾಲ್ಕು ದಿನದ ಗಡುವು

ಮಗು ಸಿಕ್ಕಿತು. ಮುಂದಿನದು ಓಟ. ನಿಶ್ಶಕ್ತಿ ಶುರುವಾದ ಹದಿನಾಲ್ಕು ದಿನಗಳೊಳಗೆ, ಇಪ್ಪತ್ತನಾಲ್ಕು ಗಂಟೆಯ ಅಂತರದಲ್ಲಿ, ಮಲದ ಎರಡು ಮಾದರಿಗಳನ್ನು ತೆಗೆಯಬೇಕು. ದಿನ ಕಳೆದಂತೆ ಮಲದಲ್ಲಿ ವೈರಸ್ ಕಡಿಮೆಯಾಗುತ್ತದೆ, ಅದಕ್ಕೇ ಗಡುವು. ವೈರಸ್ ಒಂದು ದಿನ ಹೊರಬಿದ್ದು ಇನ್ನೊಂದು ದಿನ ಬೀಳದಿರಬಹುದು, ಅದಕ್ಕೇ ಎರಡು. ಮಾದರಿಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು 8 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಉಷ್ಣತೆಯಲ್ಲೇ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಲಸಿಕೆ ಕಾರ್ಖಾನೆಯಿಂದ ಹಳ್ಳಿಗೆ ತಂಪಾಗಿ ಬರುವಂತೆ, ಇದು ಹಳ್ಳಿಯಿಂದ ನಗರಕ್ಕೆ ತಂಪಾಗಿ ಹೋಗುತ್ತದೆ. ನೂರರಲ್ಲಿ 80 ಮಕ್ಕಳಿಂದಲಾದರೂ ಹೀಗೆ ಕ್ರಮಬದ್ಧ ಮಾದರಿ ಸಿಗಬೇಕೆಂಬುದು ಎರಡನೆಯ ಅಳತೆಗೋಲು. ಕ್ರಮಬದ್ಧ ಮಾದರಿ ಸಿಗದೆ ಹೋದರೆ, ನಿಶ್ಶಕ್ತಿ ಶುರುವಾಗಿ 60 ದಿನವಾದ ಮೇಲೆ ಮಗುವಿನ ಮನೆಗೆ ಮತ್ತೆ ಹೋಗಿ ಕಾಲಿನ ಬಲ ಮರಳಿದೆಯೇ ಎಂದು ನೋಡುತ್ತಾರೆ.

ನಮ್ಮ ದೇಶದಲ್ಲಿ ಇದಕ್ಕೆಂದೇ ಎಂಟು ಪ್ರಯೋಗಾಲಯಗಳ ಜಾಲ ಬೆಳೆಯಿತು. ಮುಂಬಯಿಯ ಎಂಟರೊವೈರಸ್ ಸಂಶೋಧನಾ ಕೇಂದ್ರ ಅವುಗಳಲ್ಲಿ ಹೆಸರಾಂತದ್ದು. ಬೆಂಗಳೂರಿನಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆಯ ಘಟಕ ಈ ಕೆಲಸ ಮಾಡುತ್ತದೆ. ಸಂಸ್ಕರಿಸಿದ ಮಾದರಿಯನ್ನು ಗಾಜಿನಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಹಾಕಿ, ಅವು ಸಾಯುತ್ತವೆಯೇ ಎಂದು ನೋಡುತ್ತಾರೆ. ಪೋಲಿಯೊ ವೈರಸ್ ಸಿಕ್ಕರೆ ಅದರ ತಳಿ ಯಾವುದೆಂದು ಗುರುತಿಸಿ, ಅದರ ಒಂದು ವಂಶವಾಹಿ ಭಾಗವನ್ನು ಅಕ್ಷರ ಅಕ್ಷರವಾಗಿ ಓದುತ್ತಾರೆ.

ಈ ಓದಿನಿಂದ ಸಿಗುವುದು ಸೊಗಸಾದ ಮಾಹಿತಿ. ತರಗತಿಯಲ್ಲಿ ಒಬ್ಬನ ನೋಟ್ಸನ್ನು ಇನ್ನೊಬ್ಬ, ಅವನದನ್ನು ಮತ್ತೊಬ್ಬ ನಕಲು ಮಾಡುತ್ತ ಹೋದರೆ ಪ್ರತಿ ಕೈಯಲ್ಲೂ ಒಂದೆರಡು ಕಾಗುಣಿತದ ತಪ್ಪು ಸೇರಿಕೊಳ್ಳುತ್ತವೆ. ತಪ್ಪುಗಳನ್ನು ಹೋಲಿಸಿದರೆ ಯಾರು ಯಾರದನ್ನು ನೋಡಿ ಬರೆದರೆಂದು ಹೇಳಬಹುದು. ಪೋಲಿಯೊ ವೈರಸ್ಸೂ ಹಾಗೆಯೇ ನಕಲಾಗುವಾಗ ತಪ್ಪುತ್ತದೆ. ಪ್ರಯೋಗಾಲಯದವರು ಓದುವ ಸುಮಾರು 900 ಅಕ್ಷರಗಳ ಭಾಗದಲ್ಲಿ ವರ್ಷಕ್ಕೆ ನೂರಕ್ಕೆ ಒಂದರಷ್ಟು, ಅಂದರೆ ಒಂಬತ್ತರಷ್ಟು ಅಕ್ಷರಗಳು ಬದಲಾಗುತ್ತವೆ. ಈ ಲೆಕ್ಕ ಹಿಡಿದು, ಇಂದು ಸಿಕ್ಕ ವೈರಸ್ಸಿನ ಹತ್ತಿರದ ಬಂಧು ಯಾವ ಊರಿನದು, ಅವೆರಡೂ ಬೇರೆಯಾಗಿ ಎಷ್ಟು ವರ್ಷವಾಯಿತು ಎಂದು ಹೇಳಬಹುದು. ವೈರಸ್ ಎಲ್ಲಿಂದ ಬಂತೆಂದು ಹೇಳುವುದಿಲ್ಲ. ಆದರೆ ತನ್ನ ಜಾತಕವನ್ನು ಮೈಮೇಲೇ ಬರೆದುಕೊಂಡು ಬರುತ್ತದೆ.

ಭಾರತದ ಲೆಕ್ಕ

ನಮ್ಮಲ್ಲಿ ಪಲ್ಸ್ ಪೋಲಿಯೊ 1995ರಲ್ಲಿ ಆರಂಭವಾಯಿತು. 1997ರಲ್ಲಿ ಭಾರತ ಸರ್ಕಾರ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ರಾಷ್ಟ್ರೀಯ ಪೋಲಿಯೊ ಕಣ್ಗಾವಲು ಯೋಜನೆಯನ್ನು ಹುಟ್ಟುಹಾಕಿದವು. ಕಣ್ಗಾವಲಿಗೆಂದೇ ವೈದ್ಯಾಧಿಕಾರಿಗಳನ್ನು ನೇಮಿಸಿದರು. ಸರ್ಕಾರಿ ಆಸ್ಪತ್ರೆ, ಖಾಸಗಿ ನರ್ಸಿಂಗ್ ಹೋಮ್, ಮಕ್ಕಳ ತಜ್ಞರು, ಕೊನೆಗೆ ಹಳ್ಳಿಯ ನಾಟಿ ವೈದ್ಯರನ್ನೂ ಜಾಲಕ್ಕೆ ಸೇರಿಸಿದರು. ಒಂದು ನಿಯಮ ಗಮನಿಸಬೇಕಾದದ್ದು: ವರದಿ ಕೇಂದ್ರಗಳು ವಾರಕ್ಕೊಮ್ಮೆ ಲೆಕ್ಕ ಕಳಿಸಬೇಕು, ಪ್ರಕರಣ ಇಲ್ಲದಿದ್ದರೆ 'ಇಲ್ಲ' ಎಂದೇ ಬರೆದು ಕಳಿಸಬೇಕು. ಮೌನವನ್ನು ಸೊನ್ನೆ ಎಂದು ಒಪ್ಪುವುದಿಲ್ಲ.

ಇದರ ಫಲ ನಕ್ಷೆಯ ಮೇಲೆ ಕಾಣಿಸಿತು. ಪೋಲಿಯೊದ ಮೂರು ತಳಿಗಳಲ್ಲಿ ಎರಡನೆಯದು ಜಗತ್ತಿನಲ್ಲೇ ಕೊನೆಯದಾಗಿ ಸಿಕ್ಕಿದ್ದು 1999ರಲ್ಲಿ ಉತ್ತರ ಪ್ರದೇಶದ ಅಲೀಗಢದಲ್ಲಿ. ಪಶ್ಚಿಮ ಉತ್ತರ ಪ್ರದೇಶ ಹಾಗೂ ಬಿಹಾರದ ಕೋಸಿ ನದಿಯ ಬಯಲು ವೈರಸ್ಸಿನ ತವರು ಎಂದು ತಿಳಿದದ್ದೂ ಈ ಲೆಕ್ಕಗಳಿಂದಲೇ. 2003ರಲ್ಲಿ ಕರ್ನಾಟಕದ ಮಕ್ಕಳಿಗೆ ಪೋಲಿಯೊ ತಗುಲಿದಾಗ ವೈರಸ್ ಉತ್ತರದಿಂದ ಬಂದದ್ದೆಂದು ಗೊತ್ತಾಯಿತು. ತವರು ಗೊತ್ತಾದ ಮೇಲೆ ಅಲ್ಲಿಗೆ ಮತ್ತೆ ಮತ್ತೆ ಹೋದರು. ಇಟ್ಟಿಗೆ ಗೂಡು, ಕಟ್ಟಡ ಕೆಲಸದ ಜಾಗ, ರೈಲು ನಿಲ್ದಾಣಗಳಲ್ಲಿ ವಲಸೆ ಕುಟುಂಬಗಳ ಮಕ್ಕಳನ್ನು ಹುಡುಕಿ ಹನಿ ಹಾಕಿದರು. 2009ರಲ್ಲಿ 741 ಇದ್ದ ಪ್ರಕರಣಗಳು 2010ರಲ್ಲಿ 42ಕ್ಕೆ, 2011ರಲ್ಲಿ ಒಂದಕ್ಕೆ ಇಳಿದವು.

ಆ 'ಒಂದ'ರ ಹಿಂದಿನ ಲೆಕ್ಕ ಕೇಳಿ. 2011ರ ಜನಗಣತಿಯ ವೇಳೆಗೆ ದೇಶದಲ್ಲಿ ಹದಿನೈದು ವರ್ಷದೊಳಗಿನ ಮಕ್ಕಳು 37 ಕೋಟಿಯಷ್ಟು. ಲಕ್ಷಕ್ಕೆ ಎರಡರಂತೆ 7,400 ಎ.ಎಫ್.ಪಿ. ಪ್ರಕರಣ ಹುಡುಕಿದ್ದರೆ ಅಳತೆಗೋಲಿಗೆ ಸಾಕಿತ್ತು. ಆ ವರ್ಷ ಹುಡುಕಿ ಪರೀಕ್ಷಿಸಿದ್ದು ಐವತ್ತು ಸಾವಿರಕ್ಕೂ ಹೆಚ್ಚು. ಮಗುವಿಗೆ ಎರಡರಂತೆ ಲಕ್ಷದಷ್ಟು ಡಬ್ಬಿಗಳು ಬಸ್ಸಿನಲ್ಲಿ, ಜೀಪಿನಲ್ಲಿ, ರೈಲಿನಲ್ಲಿ ಮಂಜುಗಡ್ಡೆಯೊಡನೆ ಪ್ರಯಾಣ ಮಾಡಿದವು. ಅಷ್ಟರಲ್ಲಿ ಪೋಲಿಯೊ ಸಿಕ್ಕಿದ್ದು ಒಂದೇ ಒಂದು ಮಗುವಿನಲ್ಲಿ. ಮುಂದಿನ ವರ್ಷದ ಸೊನ್ನೆಯನ್ನು ಜಗತ್ತು ನಂಬಿದ್ದು ಇಂಥ ಹುಡುಕಾಟ ಬೆನ್ನಿಗಿದ್ದುದರಿಂದ.

ನಂಬಿ ಕೆಟ್ಟ ಸೊನ್ನೆ

ಎರಡನೆಯ ಬಗೆಯ ಸೊನ್ನೆ ಏನು ಮಾಡುತ್ತದೆ ಎಂಬುದಕ್ಕೆ ನೈಜೀರಿಯಾ ಸಾಕ್ಷಿ. ಅಲ್ಲಿ 2014ರ ಜುಲೈ ನಂತರ ವನ್ಯ ಪೋಲಿಯೊ ಕಾಣಲಿಲ್ಲ. 2015ರ ಸೆಪ್ಟೆಂಬರಿನಲ್ಲಿ ಪೋಲಿಯೊ ನೆಲೆಯೂರಿದ ದೇಶಗಳ ಪಟ್ಟಿಯಿಂದ ಅದರ ಹೆಸರು ತೆಗೆದರು. 2016ರ ಆಗಸ್ಟಿನಲ್ಲಿ ಈಶಾನ್ಯದ ಬೋರ್ನೊ ರಾಜ್ಯದಿಂದ ಸುದ್ದಿ ಬಂತು: ಇಬ್ಬರು ಮಕ್ಕಳ ಕಾಲು ಸೋತಿದೆ, ಪೋಲಿಯೊ. ವೈರಸ್ಸಿನ ಜಾತಕ ಓದಿದಾಗ ಅದರ ಹತ್ತಿರದ ಬಂಧು 2011ರದೆಂದು ತಿಳಿಯಿತು. ಅಂದರೆ ಐದು ವರ್ಷ ಆ ವೈರಸ್ ಮಗುವಿನಿಂದ ಮಗುವಿಗೆ ದಾಟುತ್ತಲೇ ಇತ್ತು. ಯಾರ ಪುಸ್ತಕದಲ್ಲೂ ಅದಿರಲಿಲ್ಲ.

ಕಾರಣ ಬೊಕೊ ಹರಾಮ್ ಬಂಡುಕೋರರ ಹಾವಳಿ. ಆ ಪ್ರದೇಶದ ಎಷ್ಟೋ ಹಳ್ಳಿಗಳಿಗೆ ಲಸಿಕೆ ಹಾಕುವವರೂ ಹೋಗಲಾಗಲಿಲ್ಲ, ಲೆಕ್ಕ ಬರೆಯುವವರೂ ಹೋಗಲಾಗಲಿಲ್ಲ. ದೇಶದ ಸರಾಸರಿ ಅಂಕಿಗಳು ಚೆನ್ನಾಗಿಯೇ ಇದ್ದವು. ಸರಾಸರಿಯ ಒಳಗೆ ಆ ಮೂಲೆಯ ಕತ್ತಲು ಮುಚ್ಚಿಹೋಗಿತ್ತು. ಆಮೇಲೆ ಉಪಗ್ರಹ ಚಿತ್ರಗಳಲ್ಲಿ ಜನವಸತಿ ಎಲ್ಲೆಲ್ಲಿದೆಯೆಂದು ಗುರುತಿಸಿದರು, ಸೈನಿಕರ ನೆರವು ಪಡೆದರು, ಊರಿನವರನ್ನೇ ಮಾಹಿತಿದಾರರನ್ನಾಗಿ ಮಾಡಿಕೊಂಡರು. ಹೀಗೆ ನಾಲ್ಕು ವರ್ಷ ದುಡಿದ ಮೇಲೆ 2020ರ ಆಗಸ್ಟ್ 25ರಂದು ಆಫ್ರಿಕಾ ವಲಯ ವನ್ಯ ಪೋಲಿಯೊದಿಂದ ಮುಕ್ತವೆಂಬ ಪ್ರಮಾಣಪತ್ರ ಪಡೆಯಿತು. ಅದಾಗಿ ಎರಡು ವರ್ಷವೂ ಆಗಿರಲಿಲ್ಲ, 2022ರ ಫೆಬ್ರವರಿಯಲ್ಲಿ ಮಲಾವಿ ದೇಶದ ಒಂದು ಮಗುವಿನಲ್ಲಿ ವನ್ಯ ಪೋಲಿಯೊ ದೃಢಪಟ್ಟಿತು. ಜಾತಕ ಹೇಳಿತು: ವೈರಸ್ಸಿನ ಮೂಲ ಪಾಕಿಸ್ತಾನ.

ಚರಂಡಿ ಹೇಳುವ ಸತ್ಯ

ಮಗುವಿನ ಕಾಲು ಸೋಲುವವರೆಗೆ ಕಾಯದೆ ವೈರಸ್ಸನ್ನು ಹಿಡಿಯಲು ಇನ್ನೊಂದು ದಾರಿ ಇದೆ, ಊರಿನ ಚರಂಡಿ ನೀರು. ಸೋಂಕು ತಗುಲಿದ ಮಗುವಿಗೆ ಲಕ್ಷಣ ಇಲ್ಲದಿದ್ದರೂ ಮಲದಲ್ಲಿ ವೈರಸ್ ಇರುತ್ತದೆ; ಅದು ಕೊಳಚೆ ನೀರಿಗೆ ಸೇರುತ್ತದೆ. ಆ ನೀರನ್ನು ಗೊತ್ತಾದ ಜಾಗದಲ್ಲಿ, ಗೊತ್ತಾದ ದಿನ ತೆಗೆದು ಪರೀಕ್ಷಿಸಿದರೆ ಸಾವಿರಾರು ಮನೆಗಳ ಮಾದರಿ ಒಮ್ಮೆಗೇ ಸಿಕ್ಕಂತೆ. ನಮ್ಮ ದೇಶದಲ್ಲಿ ಈ ಕೆಲಸ 2001ರಲ್ಲಿ ಮುಂಬಯಿಯಲ್ಲಿ ಶುರುವಾಯಿತು.

ಇಸ್ರೇಲಿನಲ್ಲಿ 2013ರಲ್ಲಿ ಹೀಗೆಯೇ ದಕ್ಷಿಣದ ಊರುಗಳ ಚರಂಡಿಯಲ್ಲಿ ವನ್ಯ ವೈರಸ್ ಸಿಕ್ಕಿತು. ಅಲ್ಲಿ ಚುಚ್ಚುಮದ್ದಿನ ಲಸಿಕೆ ಮಾತ್ರ ಬಳಕೆಯಲ್ಲಿತ್ತು. ಅದು ಕೈಕಾಲನ್ನು ಕಾಪಾಡುತ್ತದೆ, ಆದರೆ ಕರುಳಿನಲ್ಲಿ ವೈರಸ್ ಬೆಳೆಯುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಕೂಡಲೇ ಬಾಯಿ ಹನಿಯ ಲಸಿಕೆಯನ್ನೂ ಕೊಟ್ಟರು. ಒಂದು ಮಗುವಿನ ಕಾಲೂ ಸೋಲಲಿಲ್ಲ. 2022ರಲ್ಲಿ ಲಂಡನ್ನಿನ ಚರಂಡಿಯಲ್ಲಿ ಲಸಿಕೆ ಮೂಲದ ವೈರಸ್ ಸಿಕ್ಕಿತು. ಅದೇ ವರ್ಷ ನ್ಯೂಯಾರ್ಕ್ ರಾಜ್ಯದಲ್ಲಿ ಲಸಿಕೆ ಹಾಕಿಸಿಕೊಳ್ಳದ ಒಬ್ಬ ಯುವಕ ಪೋಲಿಯೊ ಪೀಡಿತನಾದ. 2024ರ ಜುಲೈಯಲ್ಲಿ ಗಾಜಾದ ಕೊಳಚೆ ನೀರು ಎಚ್ಚರಿಕೆ ಕೊಟ್ಟಿತು. ಮುಂದಿನ ತಿಂಗಳೇ ಅಲ್ಲಿ ಹತ್ತು ತಿಂಗಳ ಕೂಸಿಗೆ ಪೋಲಿಯೊ ದೃಢಪಟ್ಟಿತು. ಆ ನೆಲದಲ್ಲಿ 25 ವರ್ಷಗಳಲ್ಲಿ ಅದೇ ಮೊದಲು.

ಲಸಿಕೆ ಮೂಲದ ವೈರಸ್ ಎಂದರೇನು ಎಂದು ಓದುಗರು ಕೇಳಬಹುದು. ಬಾಯಿ ಹನಿಯಲ್ಲಿ ಇರುವುದು ಜೀವಂತ, ಆದರೆ ಶಕ್ತಿ ಕುಂದಿಸಿದ ವೈರಸ್. ಲಸಿಕೆ ಪಡೆಯದ ಮಕ್ಕಳೇ ಹೆಚ್ಚಿರುವ ಕಡೆ ಅದು ಬಹುಕಾಲ ಮಗುವಿನಿಂದ ಮಗುವಿಗೆ ದಾಟುತ್ತ ಹೋದರೆ, ಅಪರೂಪಕ್ಕೆ ಹಳೆಯ ಶಕ್ತಿಯನ್ನು ಮರಳಿ ಪಡೆಯುತ್ತದೆ. ಎಲ್ಲರೂ ಲಸಿಕೆ ಪಡೆದ ಊರಿನಲ್ಲಿ ಅದಕ್ಕೆ ಓಡಾಡಲು ದಾರಿಯೇ ಇಲ್ಲ. 2016ರ ಜೂನ್‌ನಲ್ಲಿ ಹೈದರಾಬಾದಿನ ಚರಂಡಿಯಲ್ಲಿ ಇಂಥ ಎರಡನೆಯ ತಳಿಯ ವೈರಸ್ ಸಿಕ್ಕಾಗ, ಯಾವ ಮಗುವಿಗೂ ರೋಗ ಬಂದಿರದಿದ್ದರೂ, ಅಲ್ಲಿನ ಮಕ್ಕಳಿಗೆ ಚುಚ್ಚುಮದ್ದಿನ ಲಸಿಕೆಯ ವಿಶೇಷ ಅಭಿಯಾನ ನಡೆಯಿತು. ಕಾಣಿಸಿದ ಕೂಡಲೇ ಕೆಲಸಕ್ಕಿಳಿಯುವುದೇ ಕಣ್ಗಾವಲಿನ ಅರ್ಥ. ನೋಡಿ ಸುಮ್ಮನಿರುವುದಕ್ಕೆ ಆ ಹೆಸರು ಸಲ್ಲದು.

ಈಗ ನಮ್ಮ ಪಾಲಿನ ಕೆಲಸ

2024ರಲ್ಲಿ ಪಾಕಿಸ್ತಾನದಲ್ಲಿ 74, ಅಫ್ಘಾನಿಸ್ತಾನದಲ್ಲಿ 25 ಮಕ್ಕಳು ವನ್ಯ ಪೋಲಿಯೊಗೆ ತುತ್ತಾದರು. ವೈರಸ್ಸಿಗೆ ಗಡಿ ಇಲ್ಲವೆಂದು ಮಲಾವಿ ತೋರಿಸಿದೆ. ನಮ್ಮಲ್ಲಿ ಅಪಾಯ ಬೇರೆ ಬಗೆಯದು. ಪೋಲಿಯೊ ರೋಗಿಯನ್ನು ಕಣ್ಣಾರೆ ಕಾಣದ ವೈದ್ಯರ ತಲೆಮಾರು ಬಂದಿದೆ. ಕಾಣದ ರೋಗವನ್ನು ವಾರವಾರ ಹುಡುಕಿ 'ಇಲ್ಲ' ಎಂದು ಬರೆಯುವುದು ಬೇಸರದ ಕೆಲಸ. ಆ ಬೇಸರ ಎಲ್ಲಿ ಗೆಲ್ಲುತ್ತದೋ ಅಲ್ಲಿ ಹುಡುಕಿ ಬರೆದ ಸೊನ್ನೆ ಹೋಗಿ ಹುಡುಕದೆ ಬರೆದ ಸೊನ್ನೆ ಬರುತ್ತದೆ. ಎರಡೂ ನೋಡಲು ಒಂದೇ ತರಹ ಇರುವುದರಿಂದ ಬದಲಾದದ್ದು ಯಾರಿಗೂ ಗೊತ್ತಾಗುವುದಿಲ್ಲ.

ಈ ಸರಪಳಿಯ ಮೊದಲ ಕೊಂಡಿ ಇಲಾಖೆಯಲ್ಲ, ಮನೆ. ನಿನ್ನೆ ಓಡಾಡುತ್ತಿದ್ದ ಮಗು ಇಂದು ಕಾಲೂರಲು ಆಗದೆ ಕುಸಿದರೆ ನಮ್ಮ ಹಳ್ಳಿಗಳಲ್ಲಿ ಮೊದಲು ಬರುವ ಮಾತು 'ಗಾಳಿ ಸೋಕಿದೆ' ಅಥವಾ 'ಬಿದ್ದು ಉಳುಕಿರಬೇಕು'. ಎಣ್ಣೆ ನೀವಿಸುವುದು, ತಾಯತ ಕಟ್ಟಿಸುವುದು, ಇನ್ನೊಂದು ಚುಚ್ಚುಮದ್ದು ಹಾಕಿಸುವುದು ಇಷ್ಟರಲ್ಲೇ ಹತ್ತು ಹದಿನೈದು ದಿನ ಹೋಗುತ್ತವೆ. ಹದಿನಾಲ್ಕು ದಿನದ ಗಡುವು ಮುಗಿಯುವುದೇ ಹೀಗೆ. ಇದರಿಂದ ಲೆಕ್ಕ ತಪ್ಪುವುದಷ್ಟೇ ಅಲ್ಲ. ಗಿಲಿಯನ್ ಬಾರೆಯಂಥ ತೊಂದರೆಯಾಗಿದ್ದರೆ ನಿಶ್ಶಕ್ತಿ ಕಾಲಿನಿಂದ ಎದೆಗೇರಿ ಉಸಿರಾಟಕ್ಕೇ ಕುತ್ತು ಬರಬಹುದು. ಬೇಗ ಆಸ್ಪತ್ರೆಗೆ ಸೇರಿಸಿದರೆ ಆ ಮಗು ಉಳಿಯುತ್ತದೆ. ಜ್ವರದ ಮಗುವಿಗೆ ಬೇಡದ ಚುಚ್ಚುಮದ್ದು ಹಾಕಿಸುವುದೂ ತಪ್ಪು. ಮೈಯಲ್ಲಿ ಪೋಲಿಯೊ ವೈರಸ್ ಇದ್ದರೆ ಚುಚ್ಚಿದ ಕಾಲೇ ಸೋಲುವ ಸಂಭವ ಹೆಚ್ಚು.

ಆದ್ದರಿಂದ ನೆನಪಿಡಬೇಕಾದದ್ದು ಇಷ್ಟೇ. ಹದಿನೈದು ವರ್ಷದೊಳಗಿನ ಮಗುವಿನ ಕೈಯೋ ಕಾಲೋ ಇದ್ದಕ್ಕಿದ್ದಂತೆ ಸೋತರೆ, ಪೋಲಿಯೊ ಹನಿ ಎಷ್ಟು ಬಾರಿ ಹಾಕಿಸಿದ್ದರೂ ಸರಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಿಳಿಸಿರಿ. ಮಲದ ಮಾದರಿ ಕೇಳಿದರೆ ನಾಚಿಕೆ, ಅಂಜಿಕೆ ಬೇಡ. ಮಾದರಿ ಕೊಟ್ಟ ಮಾತ್ರಕ್ಕೆ ಮಗುವಿಗೆ ಪೋಲಿಯೊ ಎಂಬ ಹೆಸರು ಅಂಟುವುದಿಲ್ಲ. ಪರೀಕ್ಷೆಗೆ ಹೋದ ಸಾವಿರಾರು ಮಕ್ಕಳ ಫಲಿತಾಂಶ 'ಅಲ್ಲ' ಎಂದೇ ಬಂದಿದೆ. ವಾರಗಟ್ಟಲೆ ಶಾಲೆಗೆ ಬಾರದ ಮಗುವಿಗೆ ಏನಾಗಿದೆಯೆಂದು ವಿಚಾರಿಸುವ ಕೆಲಸ ನನ್ನಂಥ ಮೇಷ್ಟ್ರುಗಳದು.

ಇದೇ ಜಾಲವನ್ನು ಇಂದು ದಡಾರ, ರುಬೆಲ್ಲಾ, ಗಂಟಲಮಾರಿಗಳನ್ನು ಹುಡುಕುವುದಕ್ಕೂ ಬಳಸುತ್ತಿದ್ದಾರೆ. ಪೋಲಿಯೊ ಕಲಿಸಿದ ಪಾಠ ಬೇರೆ ರೋಗಗಳಿಗೂ ಒದಗಿದೆ. ಮುಂದಿನ ವರ್ಷದ ಲೆಕ್ಕದಲ್ಲೂ ಭಾರತದ ವನ್ಯ ಪೋಲಿಯೊ ಪ್ರಕರಣಗಳು ಸೊನ್ನೆ ಎಂದಿರಲಿ ಎಂದು ನಾವೆಲ್ಲ ಹಾರೈಸುತ್ತೇವೆ. ಆ ಸೊನ್ನೆಯ ಬೆಲೆ ತಿಳಿಯಬೇಕಾದರೆ ಅದರ ಪಕ್ಕದ ಕಲಮನ್ನೂ ಓದಬೇಕು: ಹುಡುಕಿ ನೋಡಿದ ಮಕ್ಕಳು ಎಷ್ಟು?